ಅನುಜ್ಞೆಯ ಮರ್ಮ



ಶಾಸ್ತ್ರವು ನಮ್ಮೊಡನೆ ಮೂರು ವಿಧವಾಗಿ ಮಾತನಾಡುತ್ತದೆ. 'ಇದನ್ನು ಮಾಡು' ಎಂಬುದು ವಿಧಿ. 'ಇದನ್ನು ಮಾಡಬೇಡ' ಎಂಬುದು ನಿಷೇಧ. ಇವೆರಡರ ನಡುವೆ 'ಇಂಥ ಸಂದರ್ಭದಲ್ಲಿ ಇಷ್ಟು ಮಾಡಿದರೆ ದೋಷವಿಲ್ಲ' ಎಂಬ ಮೂರನೆಯ ಮಾತೊಂದುಂಟು. ಇದಕ್ಕೆ ಅನುಜ್ಞೆ, ಅಭ್ಯನುಜ್ಞೆ, ಅನುಮತಿ ಎಂದು ಹೆಸರು. ಮೊದಲಿನ ಎರಡರ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಅಷ್ಟಾಗಿ ಸಂದೇಹಗಳಿಲ್ಲ. ದ್ವಾದಶಿಯ ಪಾರಣೆ ಎಷ್ಟು ಹೊತ್ತಿಗೆಂಬುದನ್ನು ಪಂಚಾಂಗ ನೋಡಿದವರು ಹೇಳಿಯಾರು. ಗೊಂದಲವಿರುವುದು ಮೂರನೆಯದರಲ್ಲಿ. 'ಇದು ಆಗಬಹುದೇ?' ಎಂಬ ಪ್ರಶ್ನೆಯೇ ದೇವಸ್ಥಾನದ ಜಗುಲಿಯಲ್ಲಿ ಅತಿ ಹೆಚ್ಚಾಗಿ ಕೇಳಿಬರುವ ಪ್ರಶ್ನೆ.

ಈ ಪ್ರಶ್ನೆಗೆ ಎರಡು ಬಗೆಯ ಸುಲಭವಾದ ಉತ್ತರಗಳು ಸಿಕ್ಕುತ್ತವೆ. 'ಕಲಿಯುಗವಲ್ಲವೇ, ಎಲ್ಲ ನಡೆಯುತ್ತದೆ' ಎಂಬುದೊಂದು. 'ಏನೇ ಆಗಲಿ, ಕೂದಲೆಳೆಯಷ್ಟೂ ಸಡಿಲಿಸಕೂಡದು' ಎಂಬುದು ಇನ್ನೊಂದು. ಎರಡೂ ವಿಚಾರದ ಶ್ರಮವನ್ನು ತಪ್ಪಿಸಿಕೊಳ್ಳುವ ಉಪಾಯಗಳು. ಮೊದಲನೆಯದರಿಂದ ಆಚಾರ ಕೆಡುತ್ತದೆ. ಎರಡನೆಯದರಿಂದ ಕೆಲವೊಮ್ಮೆ ಮನುಷ್ಯನೇ ಕೆಡುತ್ತಾನೆ, ಪ್ರಾಣಾಪಾಯವೂ ಒದಗಬಹುದು. ಆದ್ದರಿಂದ ಅನುಜ್ಞೆಯೆಂದರೇನು, ಅದು ಯಾರಿಗೆ, ಯಾತಕ್ಕಾಗಿ, ಎಲ್ಲಿಯವರೆಗೆ ಎಂಬುದನ್ನು ಯಥಾಮತಿ ವಿಚಾರ ಮಾಡೋಣ.

ಸೊಪ್ಪಿನ ಬೆಟ್ಟದ ದೃಷ್ಟಾಂತ

ಶಾಸ್ತ್ರದ ಮಾತಿಗೆ ಮೊದಲು ನಮ್ಮ ಸೀಮೆಯ ದೃಷ್ಟಾಂತವೊಂದನ್ನು ನೋಡಬಹುದು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಅಡಕೆ ತೋಟವುಳ್ಳವರಿಗೆ ಸೊಪ್ಪಿನ ಬೆಟ್ಟವೆಂದರೆ ವಿವರಿಸಬೇಕಾಗಿಲ್ಲ. ತೋಟಕ್ಕೆ ಗೊಬ್ಬರ ಬೇಕು. ಕೊಟ್ಟಿಗೆಗೆ ಹಾಸಲು ಸೊಪ್ಪು, ದರಕು ಬೇಕು. ಅದಕ್ಕಾಗಿ ತೋಟಕ್ಕೆ ಹೊಂದಿಕೊಂಡಂತೆ ಇಷ್ಟು ಬೆಟ್ಟವೆಂದು ಸರ್ಕಾರವು ಹಿಂದಿನಿಂದಲೂ ಬಿಟ್ಟುಕೊಟ್ಟಿದೆ. ಪಕ್ಕದ ಉತ್ತರ ಕನ್ನಡದ ಘಟ್ಟದ ಮೇಲಿನ ಪ್ರದೇಶದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೂ ಬೆಟ್ಟವುಂಟೆಂಬ ಲೆಕ್ಕ ಪ್ರಸಿದ್ಧವಾಗಿದೆ.

ಈ ಬಿಟ್ಟುಕೊಟ್ಟದ್ದರ ಸ್ವರೂಪವನ್ನು ಗಮನಿಸಬೇಕು. ಸೊಪ್ಪು ಕಡಿಯಬಹುದು, ದರಕು ಗುಡಿಸಬಹುದು. ಹಾಗೆಂದು ಬೆಟ್ಟ ನಮ್ಮ ಸ್ವತ್ತಾಗಲಿಲ್ಲ. ಮರವನ್ನೇ ಉರುಳಿಸಿ ನಾಟಾ ಮಾರುವುದಕ್ಕೆ ಅಲ್ಲಿ ಅವಕಾಶವಿಲ್ಲ. ತೋಟವಿಲ್ಲದವನು 'ನನಗೂ ಸೊಪ್ಪಿನ ಬೆಟ್ಟ ಬೇಕು' ಎಂದರೆ ಆ ಕೇಳಿಕೆಗೆ ಅರ್ಥವಿಲ್ಲ. ಅಂದರೆ ಅಧಿಕಾರಿ ಯಾರು, ಪ್ರಯೋಜನವೇನು, ಮರ್ಯಾದೆ ಎಲ್ಲಿಯವರೆಗೆ ಎಂಬ ಮೂರು ಕಟ್ಟುಗಳು ಆ ಒಂದು ಅನುಮತಿಯೊಳಗೇ ಇವೆ. ಚಿಗುರಲು ಅವಕಾಶವಿಲ್ಲದಂತೆ ವರ್ಷವರ್ಷವೂ ಬೋಳಿಸಿದ ಬೆಟ್ಟ ಕಡೆಗೆ ಬರಿಯ ಗುಡ್ಡವಾಗಿ, ತೋಟಕ್ಕೇ ಸೊಪ್ಪಿಲ್ಲದಾದ ಉದಾಹರಣೆಗಳನ್ನು ನಾವು ಕಂಡಿದ್ದೇವೆ. ಅನುಮತಿಯನ್ನು ಮಿತಿ ಮೀರಿ ಬಳಸಿದವನು ಅನುಮತಿಯ ಫಲವನ್ನೇ ಕಳೆದುಕೊಳ್ಳುತ್ತಾನೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ. ಶಾಸ್ತ್ರದ ಅನುಜ್ಞೆಯಲ್ಲಿಯೂ ಈ ಮೂರು ಕಟ್ಟುಗಳೇ ಇವೆ.

ಅನುಜ್ಞೆಯಂತೆ ಕಾಣುವ ನಿಯಮ

ಮೀಮಾಂಸಕರು ವಿಧಿಯನ್ನು ಅಪೂರ್ವವಿಧಿ, ನಿಯಮವಿಧಿ, ಪರಿಸಂಖ್ಯಾವಿಧಿ ಎಂದು ಮೂರಾಗಿ ವಿಂಗಡಿಸಿದ್ದಾರೆ. ಬೇರೆ ಯಾವ ಪ್ರಮಾಣದಿಂದಲೂ ತಿಳಿಯದ ಕರ್ಮವನ್ನು ಹೇಳುವುದು ಅಪೂರ್ವವಿಧಿ. ಯಾಗಕ್ಕಾಗಿ ಭತ್ತವನ್ನು ಕುಟ್ಟಬೇಕು ಎಂಬುದು ನಿಯಮವಿಧಿ. ಉಗುರಿನಿಂದಲೂ ಸಿಪ್ಪೆ ಸುಲಿಯಬಹುದಾದರೂ ಒನಕೆಯಿಂದ ಕುಟ್ಟಿಯೇ ಸುಲಿಯಬೇಕೆಂಬ ಕಟ್ಟುಪಾಡು ಅಲ್ಲಿದೆ. ನಮಗೆ ಪ್ರಕೃತವಾದದ್ದು ಮೂರನೆಯದು. ಐದು ಉಗುರುಗಳುಳ್ಳ ಪ್ರಾಣಿಗಳಲ್ಲಿ ಐದು ಮಾತ್ರ ಭಕ್ಷ್ಯ ಎಂಬ ವಾಕ್ಯವನ್ನು ಅದಕ್ಕೆ ಉದಾಹರಿಸುತ್ತಾರೆ. ಮೇಲುನೋಟಕ್ಕೆ ಇದು 'ತಿನ್ನಬಹುದು' ಎಂಬ ಪರವಾನಿಗೆಯಂತೆ ತೋರುತ್ತದೆ. ಮೀಮಾಂಸಕರು ಹಾಗೆನ್ನುವುದಿಲ್ಲ. ತಿನ್ನುವ ಆಸೆ ಮನುಷ್ಯನಿಗೆ ಮೊದಲೇ ಇದೆ, ಅದನ್ನು ಶಾಸ್ತ್ರ ಹೇಳಬೇಕಾಗಿಲ್ಲ. ಆ ಐದರ ಹೊರಗಿನದನ್ನು ಬಿಡಿಸುವುದರಲ್ಲಿಯೇ ಆ ವಾಕ್ಯದ ತಾತ್ಪರ್ಯ. ಮಾತು ಅನುಮತಿಯದು, ಅಭಿಪ್ರಾಯ ನಿವೃತ್ತಿಯದು.

ಭಾಗವತದ ಏಕಾದಶಸ್ಕಂಧವೂ ಇದೇ ನ್ಯಾಯವನ್ನು ಹೇಳುತ್ತದೆ. ವಿಷಯಭೋಗಗಳಿಗೆ ಪ್ರೇರಣೆ ಜೀವರಿಗೆ ಸಹಜವಾಗಿಯೇ ಇದೆ. ವಿವಾಹ, ಯಜ್ಞ ಮೊದಲಾದ ವ್ಯವಸ್ಥೆಗಳು ಆ ಪ್ರವೃತ್ತಿಗೆ ಎಲ್ಲೆ ಕಟ್ಟಿ, ಕ್ರಮವಾಗಿ ನಿವೃತ್ತಿಗೆ ಕರೆತರುವುದಕ್ಕಾಗಿ ಇವೆ. ಮನುಸ್ಮೃತಿಯಲ್ಲಿಯೂ ಕೆಲವು ಪ್ರವೃತ್ತಿಗಳಲ್ಲಿ ದೋಷವಿಲ್ಲವೆಂದು ಹೇಳಿ, ಒಡನೆಯೇ ನಿವೃತ್ತಿಯೇ ಮಹಾಫಲವೆಂದು ಮುಗಿಸಿದೆ. ನಮ್ಮ ಸಂಪ್ರದಾಯದಲ್ಲಿ ಯಜ್ಞಕ್ಕೆ ಪಿಷ್ಟಪಶುವನ್ನು ಅಂಗೀಕರಿಸಿರುವುದು ಈ ನಿವೃತ್ತಿಮಾರ್ಗಕ್ಕೆ ಅನುಗುಣವಾಗಿಯೇ ಇದೆ. ಆದ್ದರಿಂದ 'ಶಾಸ್ತ್ರದಲ್ಲಿ ದೋಷವಿಲ್ಲವೆಂದಿದೆ' ಎಂದು ಹೇಳುವವರು ಆ ವಾಕ್ಯದ ಉತ್ತರಾರ್ಧವನ್ನೂ ಓದಬೇಕು. ದೋಷವಿಲ್ಲದಿರುವುದು ಒಂದು, ಗುಣವಾಗುವುದು ಇನ್ನೊಂದು.

ಉಷಸ್ತಿಯ ಕಥೆ

ಆಪತ್ಕಾಲದ ಅನುಮತಿಗೆ ಉಪನಿಷತ್ತೇ ಒಂದು ಕಥೆಯನ್ನು ಹೇಳಿದೆ. ಛಾಂದೋಗ್ಯದ ಮೊದಲನೆಯ ಅಧ್ಯಾಯದಲ್ಲಿ ಉಷಸ್ತಿ ಚಾಕ್ರಾಯಣನೆಂಬ ಜ್ಞಾನಿಯ ಪ್ರಸಂಗ ಬರುತ್ತದೆ. ಕುರುದೇಶದ ಪೈರು ಹಾಳಾಗಿ ಕ್ಷಾಮ ಬಂದಿತ್ತು. ಉಷಸ್ತಿಯು ಹೆಂಡತಿಯೊಡನೆ ಆನೆಗಳುಳ್ಳವರ ಗ್ರಾಮವೊಂದರಲ್ಲಿ ಬಹು ಕಷ್ಟದಿಂದಿದ್ದನು. ಅಲ್ಲಿ ಆನೆಯವನೊಬ್ಬನು ಕುಲ್ಮಾಷವೆಂಬ ಬೇಯಿಸಿದ ಕೀಳು ಧಾನ್ಯವನ್ನು ತಿನ್ನುತ್ತಿದ್ದನು. ಉಷಸ್ತಿ ಅದನ್ನೇ ಬೇಡಿದನು. ತನ್ನ ಎಂಜಲಲ್ಲದೆ ಬೇರೆ ಇಲ್ಲವೆಂದು ಅವನೆಂದರೂ ಅದನ್ನೇ ಕೊಡೆಂದು ಕೇಳಿ ಪಡೆದನು. ಅನಂತರ ಆನೆಯವನು ಕುಡಿಯಲು ನೀರನ್ನೂ ಕೊಡಹೋದನು. ಆಗ ಉಷಸ್ತಿಯು ಎಂಜಲು ನೀರು ತನಗೆ ಬೇಡವೆಂದನು. ಧಾನ್ಯವೂ ಎಂಜಲೇ ಆಗಿತ್ತಲ್ಲವೇ ಎಂಬ ಪ್ರಶ್ನೆ ಸಹಜವಾಗಿ ಬಂತು. ಉಷಸ್ತಿಯ ಉತ್ತರದ ಅಭಿಪ್ರಾಯವಿಷ್ಟು: ಅದನ್ನು ತಿನ್ನದಿದ್ದರೆ ನಾನು ಬದುಕುತ್ತಿರಲಿಲ್ಲ, ನೀರಾದರೋ ನನಗೆ ಬೇಕಾದಲ್ಲಿ ಸಿಕ್ಕುತ್ತದೆ.

ಅನುಜ್ಞೆಯ ಸಮಸ್ತ ಶಾಸ್ತ್ರವೂ ಈ ಒಂದು ಉತ್ತರದಲ್ಲಿ ಅಡಗಿದೆ. ಪ್ರಾಣ ಹೋಗುವಾಗ ಉಷಸ್ತಿ ಹಠ ಹಿಡಿಯಲಿಲ್ಲ. ಪ್ರಾಣ ನಿಂತೊಡನೆಯೇ, ಅದೇ ಮನುಷ್ಯನ ಕೈಯಿಂದ, ಅದೇ ಕ್ಷಣದಲ್ಲಿ, ಮುಂದಿನ ಹೆಜ್ಜೆಯನ್ನು ಇಡಲೂ ಇಲ್ಲ. 'ಹೇಗೂ ಎಂಜಲು ತಿಂದದ್ದಾಯಿತು, ಇನ್ನು ನೀರಿಗೇನು' ಎಂಬ ಮಾತು ಅವನ ಬಾಯಲ್ಲಿ ಬರಲಿಲ್ಲ. ನಮ್ಮಲ್ಲಿ ಆಚಾರ ಜಾರುವುದು ಬಹುತೇಕ ಈ 'ಹೇಗೂ' ಎಂಬ ಶಬ್ದದಿಂದಲೇ. ಪ್ರಯಾಣದಲ್ಲಿ ಒಂದು ದಿನ ಸಂಧ್ಯಾವಂದನೆ ತಪ್ಪಿತು. ಹೇಗೂ ತಪ್ಪಿತೆಂದು ಮರುದಿನ ಮನೆಯಲ್ಲಿದ್ದರೂ ಬಿಟ್ಟುಹೋಯಿತು.

ಬ್ರಹ್ಮಸೂತ್ರಗಳ ಮೂರನೆಯ ಅಧ್ಯಾಯದ ನಾಲ್ಕನೆಯ ಪಾದದಲ್ಲಿ ಸೂತ್ರಕಾರರು ಈ ಪ್ರಸಂಗವನ್ನೇ ಮನಸ್ಸಿನಲ್ಲಿಟ್ಟು, ಎಲ್ಲ ಬಗೆಯ ಅನ್ನಕ್ಕೂ ಅನುಮತಿಯಿರುವುದು ಪ್ರಾಣಾಪಾಯದಲ್ಲಿ ಎಂದು ನಿರ್ಣಯಿಸಿದ್ದಾರೆ. 'ಅನುಮತಿ' ಎಂಬ ಶಬ್ದವೇ ಆ ಸೂತ್ರದಲ್ಲಿದೆ. ಅದಾದ ಕೆಲವೇ ಸೂತ್ರಗಳಲ್ಲಿ, ಬಯಸಿದಂತೆ ನಡೆಯುವುದಕ್ಕೆ ಶ್ರುತಿಯ ತಡೆಯಿದೆಯೆಂಬುದನ್ನೂ ನೆನಪಿಸಿದ್ದಾರೆ. ಬಾಗಿಲನ್ನು ತೆರೆದ ಕೈಯೇ ಅಗಳಿಯನ್ನೂ ತೋರಿಸಿದೆ.

ಮುಖ್ಯಕಲ್ಪ ಮತ್ತು ಅನುಕಲ್ಪ

ಶಕ್ತನಾದವನಿಗೆ ಹೇಳಿದ ಕ್ರಮಕ್ಕೆ ಮುಖ್ಯಕಲ್ಪವೆಂದೂ, ಅಶಕ್ತನಿಗೆ ಹೇಳಿದ ಬದಲಿ ಕ್ರಮಕ್ಕೆ ಅನುಕಲ್ಪವೆಂದೂ ಹೆಸರು. ಮುಖ್ಯಕಲ್ಪಕ್ಕೆ ಸಮರ್ಥನಾಗಿದ್ದೂ ಅನುಕಲ್ಪದಿಂದ ನಡೆಯುವವನಿಗೆ ಪರಲೋಕದಲ್ಲಿ ಆ ಕರ್ಮದ ಫಲವಿಲ್ಲವೆಂದು ಮನುವು ಹನ್ನೊಂದನೆಯ ಅಧ್ಯಾಯದಲ್ಲಿ ಹೇಳಿದ್ದಾನೆ. ಅಶಕ್ತನಾದವನು ಅನುಕಲ್ಪವನ್ನು ಶ್ರದ್ಧೆಯಿಂದ ಆಚರಿಸಿದರೆ ಅವನಿಗೆ ಅದೇ ಸಾಧನ. ಅದು ಎರಡನೆಯ ದರ್ಜೆಯ ಧರ್ಮವಲ್ಲ.

ಸ್ನಾನವನ್ನು ತೆಗೆದುಕೊಳ್ಳೋಣ. ಎಳ್ಳಮಾವಾಸ್ಯೆಯ ದಿನ ತೀರ್ಥಹಳ್ಳಿಯ ರಾಮತೀರ್ಥದಲ್ಲಿ, ಮಾರ್ಗಶಿರದ ಚಳಿಯಲ್ಲಿ, ತುಂಗೆಯಲ್ಲಿ ಮುಳುಗುವುದು ದೃಢಕಾಯರಿಗೆ ಸಂತೋಷದ ವಿಷಯ. ಎದೆನೋವಿನ ವೃದ್ಧರಿಗೆ ಅದೇ ಅಪಾಯ. ಸ್ಮೃತಿಕಾರರು ನೀರಿನ ಸ್ನಾನದೊಡನೆ ಮಂತ್ರಸ್ನಾನ, ಗೋವಿನ ಪಾದಧೂಳಿಯ ವಾಯವ್ಯಸ್ನಾನ, ಬಿಸಿಲಿನೊಡನೆ ಬೀಳುವ ಮಳೆಯ ದಿವ್ಯಸ್ನಾನ, ವಿಷ್ಣುಚಿಂತನರೂಪವಾದ ಮಾನಸಸ್ನಾನ ಮೊದಲಾದ ಬಗೆಗಳನ್ನು ಹೇಳಿರುವುದು ಇಂಥವರಿಗಾಗಿ. ದಡದಲ್ಲಿ ಕುಳಿತು ಪ್ರೋಕ್ಷಣೆ ಮಾಡಿಕೊಂಡು ನಾರಾಯಣಸ್ಮರಣೆ ಮಾಡಿದ ವೃದ್ಧರಿಗೆ ಸ್ನಾನವಾಯಿತು. ಅವರ ಪಕ್ಕದಲ್ಲಿ ಕುಳಿತ ಇಪ್ಪತ್ತೈದರ ಮೊಮ್ಮಗನು 'ನನಗೂ ಮಾನಸಸ್ನಾನವೇ ಸಾಕು' ಎಂದರೆ ಅದು ಸ್ನಾನವಲ್ಲ, ಸೋಮಾರಿತನ. ಮಾತು ಒಂದೇ ಆದರೂ ಅಧಿಕಾರಿ ಬೇರೆ.

ಮಡಿಯ ವಿಷಯವೂ ಹಾಗೆಯೇ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಹೊಸನಗರದ ಹುಲಿಕಲ್ಲಿನ ಕಡೆಯೂ ಕಡಮೆಯೇನಲ್ಲ. ಆಷಾಢದಲ್ಲಿ ಒಗೆದು ಹಾಕಿದ ಹತ್ತಿಯ ಪಂಚೆ ನಾಲ್ಕು ದಿನವಾದರೂ ಒಣಗದು. ಒದ್ದೆ ಬಟ್ಟೆಯಲ್ಲಿ ನಡುಗುತ್ತಾ ಅಡಿಗೆ ಮಾಡಬೇಕೆಂದು ನಮ್ಮ ಹಿರಿಯರು ಮನೆಯ ಹೆಂಗಸರನ್ನು ನಿರ್ಬಂಧಿಸಲಿಲ್ಲ. ಪಟ್ಟೆಮಡಿಯನ್ನೂ ಧಾವಳಿಯನ್ನೂ ಇಟ್ಟುಕೊಂಡು ಮಳೆಗಾಲವನ್ನು ಕಳೆದರು. ದೇಶವನ್ನೂ ಕಾಲವನ್ನೂ ಕಂಡು ಮಾಡಿದ ಇಂಥ ವ್ಯವಸ್ಥೆಗೆ ಶೈಥಿಲ್ಯವೆಂದು ಹೆಸರಿಡುವುದು ಸರಿಯಲ್ಲ.

ಏಕಾದಶಿಯಲ್ಲಿ ಸಡಿಲ ಮತ್ತು ಬಿಗಿ

ಅನುಜ್ಞೆಯ ಪ್ರಶ್ನೆ ಅತ್ಯಂತ ತೀವ್ರವಾಗಿ ಬರುವುದು ಏಕಾದಶಿಯಲ್ಲಿ. ಶ್ರೀಮದಾಚಾರ್ಯರು ಕೃಷ್ಣಾಮೃತಮಹಾರ್ಣವದಲ್ಲಿ ಈ ವ್ರತದ ಮಹಿಮೆಯನ್ನೂ ನಿರ್ಣಯವನ್ನೂ ವಿಸ್ತಾರವಾಗಿ ಸಂಗ್ರಹಿಸಿದ್ದಾರೆ. ವರ್ಷಕ್ಕೆ 24, ಅಧಿಕಮಾಸ ಬಂದರೆ 26 ಏಕಾದಶಿಗಳು; ಶುಕ್ಲ ಕೃಷ್ಣ ಭೇದವಿಲ್ಲದೆ ಎಲ್ಲವೂ ಉಪೋಷ್ಯ. ಆಶೌಚದಲ್ಲಿಯೂ ಉಪವಾಸ ಬಿಡುವುದಿಲ್ಲ. ಏಕಾದಶಿಯಂದು ಬಂದ ಶ್ರಾದ್ಧವನ್ನೂ ದ್ವಾದಶಿಗೆ ಮಾಡುವುದು ನಮ್ಮ ಪದ್ಧತಿ. ಇಷ್ಟು ಬಿಗಿಯಾದ ವ್ರತದಲ್ಲಿಯೂ ಅನುಜ್ಞೆ ಇದೆಯೇ? ಇದೆ. ಎಂಟು ವರ್ಷದೊಳಗಿನವರನ್ನೂ ಎಂಬತ್ತು ದಾಟಿದವರನ್ನೂ ಉಪವಾಸದ ನಿರ್ಬಂಧದಿಂದ ಬಿಟ್ಟಿರುವುದು ರೂಢವಾಗಿದೆ. ಗರ್ಭಿಣಿ, ಬಾಣಂತಿ, ರೋಗಿಗಳ ವಿಷಯದಲ್ಲಿ ನಿಬಂಧಕಾರರು ಬೇರೆ ವ್ಯವಸ್ಥೆಯನ್ನು ಹೇಳಿದ್ದಾರೆ. ಮಹಾಭಾರತದ ಉದ್ಯೋಗಪರ್ವದಲ್ಲಿ ವ್ರತವನ್ನು ಕೆಡಿಸದ ಎಂಟು ವಸ್ತುಗಳ ಗಣನೆಯಿದೆ. ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸುಗಳೊಡನೆ ಬ್ರಾಹ್ಮಣನ ಇಚ್ಛೆಯೂ ಗುರುವಿನ ಮಾತೂ ಔಷಧವೂ ಅದರಲ್ಲಿ ಸೇರಿವೆ.

ಕಡೆಯ ಎರಡನ್ನು ನಮ್ಮ ಮನೆಗಳಲ್ಲಿ ವಿಶೇಷವಾಗಿ ನೆನೆಯಬೇಕು. ಇಂದು ಸಕ್ಕರೆ ಕಾಯಿಲೆ ಇಲ್ಲದ ಮನೆ ವಿರಳ. ಇನ್ಸುಲಿನ್ ಚುಚ್ಚಿಸಿಕೊಂಡೋ, ಕೆಲವು ಬಗೆಯ ಮಾತ್ರೆಗಳನ್ನು ನುಂಗಿಯೋ ಆಹಾರ ಬಿಟ್ಟರೆ ರಕ್ತದ ಸಕ್ಕರೆಯಂಶ ಅಪಾಯಕರವಾಗಿ ಇಳಿದು ಪ್ರಜ್ಞೆ ತಪ್ಪಬಹುದು. ಮಾತ್ರೆಯನ್ನೇ ಬಿಟ್ಟರೆ ಬೇರೊಂದು ಕೇಡು. ಹಳ್ಳಿಯ ಒಂಟಿ ಮನೆಯಲ್ಲಿ, ದೊಡ್ಡ ಆಸ್ಪತ್ರೆಗೆ ಗಂಟೆಗಟ್ಟಲೆ ಪ್ರಯಾಣವಿರುವ ಕಡೆ, ಎಪ್ಪತ್ತು ಕಳೆದ ತಾಯಿಯೊಬ್ಬರು 'ಐವತ್ತು ವರ್ಷದಿಂದ ನಡೆಸಿದ್ದನ್ನು ಈಗ ಬಿಡಲೇ?' ಎಂದು ನಿರ್ಜಲ ಉಪವಾಸಕ್ಕೆ ಕುಳಿತರೆ, ಸುತ್ತಲಿನವರು ಅದನ್ನು ನಿಷ್ಠೆಯೆಂದು ಹೊಗಳಿ ಸುಮ್ಮನಿರುವುದು ಧರ್ಮವಲ್ಲ. ವೈದ್ಯರ ಮಾತನ್ನು ಕೇಳಿ, ತಮ್ಮ ಗುರುಗಳಲ್ಲಿ ವಿಜ್ಞಾಪಿಸಿ, ಅವರು ಹೇಳಿದಷ್ಟು ಹಾಲನ್ನೋ ಹಣ್ಣನ್ನೋ ಭಗವದರ್ಪಣಬುದ್ಧಿಯಿಂದ ಸ್ವೀಕರಿಸುವುದೇ ಆ ತಾಯಿಗೆ ಏಕಾದಶಿ. ಮಗನು ಬಳಿಯಲ್ಲಿ ಕುಳಿತು 'ಅಮ್ಮಾ, ಔಷಧದಿಂದ ವ್ರತ ಕೆಡುವುದಿಲ್ಲವೆಂದು ಮಹಾಭಾರತವೇ ಹೇಳಿದೆ' ಎಂದು ತಿಳಿಸಿದರೆ, ಅಪರಾಧಭಾವದಿಂದ ನುಂಗುವ ತುತ್ತು ಪ್ರಸಾದವಾಗುತ್ತದೆ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ಅಶಕ್ತರಿಗೆಂದು ಹೇಳಿದ ಫಲಾಹಾರವು ಶಕ್ತರ ಮನೆಗಳಲ್ಲಿ ಯಾವ ರೂಪ ತಾಳಿದೆ? ಅವಲಕ್ಕಿ ಒಗ್ಗರಣೆ, ಸಾಬೂದಾನದ ಖಿಚಡಿ, ಉಪ್ಪಿಟ್ಟು, ಮೇಲೊಂದು ಲೋಟ ಕಾಫಿ! ದಶಮಿಯ ಒಪ್ಪೊತ್ತಿಗಿಂತ ಏಕಾದಶಿಯ 'ಉಪವಾಸ'ವೇ ಹೊಟ್ಟೆ ತುಂಬುವಂತಾದರೆ ಅನುಜ್ಞೆಗೆ ಪ್ರಯೋಜನವೆಂಬ ಕಟ್ಟು ಕಳಚಿತೆಂದೇ ಅರ್ಥ. ವೃದ್ಧರಿಗೆ ಸಡಿಲಿಸಬೇಕಾದಲ್ಲಿ ಬಿಗಿ, ತರುಣರಿಗೆ ಬಿಗಿಯಿರಬೇಕಾದಲ್ಲಿ ಸಡಿಲ, ಹೀಗೆ ನಮ್ಮ ವ್ಯವಸ್ಥೆ ತಲೆಕೆಳಗಾಗಿದೆ.

ಚಾತುರ್ಮಾಸ್ಯದ ಶಾಕವ್ರತದಲ್ಲಿಯೂ ಇದನ್ನೇ ಕಾಣುತ್ತೇವೆ. ತರಕಾರಿ ಮೆಣಸಿನಕಾಯಿಗಳನ್ನು ಬಿಟ್ಟ ಆ ತಿಂಗಳಲ್ಲಿ ಮಾವಿಗೂ ಕಾಳುಮೆಣಸಿಗೂ ಹೆಸರುಬೇಳೆಗೂ ಅವಕಾಶವಿದೆ. ಅಪ್ಪೆಮಿಡಿಯ ತವರಾದ ನಮ್ಮ ಸೀಮೆಯಲ್ಲಿ ಉಪ್ಪಿನಲ್ಲಿಟ್ಟ ಮಾವಿದ್ದರೆ ಆ ತಿಂಗಳು ಸುಲಭವಾಗಿಯೇ ಕಳೆಯುತ್ತದೆ. ಆದರೆ ಅವಕಾಶವಿರುವ ಪದಾರ್ಥಗಳಿಂದಲೇ ದಿನಕ್ಕೆ ಹತ್ತು ಬಗೆ ಮಾಡಿ, ನಾಲಗೆಗೆ ಯಾವ ಕೊರತೆಯೂ ಬಾರದಂತೆ ನೋಡಿಕೊಂಡರೆ ವ್ರತ ಪಟ್ಟಿಯಲ್ಲಿ ಉಳಿಯಿತು, ಮನಸ್ಸಿನಲ್ಲಿ ಉಳಿಯಲಿಲ್ಲ.

ಅನುಮತಿ ಕೊಡುವವರ ಹೊಣೆ

ಇದುವರೆಗೆ ಅನುಮತಿಯನ್ನು ಪಡೆಯುವವರ ಮಾತಾಯಿತು. ಕೊಡುವವರ ಹೊಣೆ ಇನ್ನೂ ದೊಡ್ಡದು. ಮಹಾಭಾರತದಲ್ಲಿ ಎರಡು ಪ್ರಸಂಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಸಭಾಪರ್ವದಲ್ಲಿ ಎರಡನೆಯ ಸಲದ ದ್ಯೂತಕ್ಕೆ ಪಾಂಡವರನ್ನು ಮರಳಿ ಕರೆಸುವ ಯೋಚನೆ ನಡೆದಾಗ, ಗಾಂಧಾರಿಯೇ ಎದ್ದು, ಕುಲವನ್ನು ಉಳಿಸಬೇಕಾದರೆ ದುರ್ಯೋಧನನನ್ನು ತ್ಯಜಿಸೆಂದು ಗಂಡನಿಗೆ ಹೇಳುತ್ತಾಳೆ. ಧೃತರಾಷ್ಟ್ರನ ಉತ್ತರವೇನು? ಕುಲ ನಾಶವಾದರೆ ಆಗಲಿ, ತಡೆಯಲು ನನ್ನಿಂದಾಗದು, ಅವರ ಇಚ್ಛೆಯಂತೆಯೇ ನಡೆಯಲಿ. ಭೀಷ್ಮಪರ್ವದಲ್ಲಿ, ಗೀತೆಯ ಹದಿನೆಂಟನೆಯ ಅಧ್ಯಾಯದ ಕಡೆಯ ಭಾಗದಲ್ಲಿ, ಶ್ರೀಕೃಷ್ಣನೂ ಅರ್ಜುನನಿಗೆ ನಿನ್ನ ಇಚ್ಛೆಯಂತೆ ಮಾಡೆನ್ನುತ್ತಾನೆ. ಸಂಸ್ಕೃತಮೂಲದಲ್ಲಿ ಎರಡು ಕಡೆಯೂ ಹೆಚ್ಚುಕಡಮೆ ಒಂದೇ ಶಬ್ದಗಳಿವೆ. ಒಂದರಿಂದ ಕುಲನಾಶವಾಯಿತು, ಇನ್ನೊಂದರಿಂದ ಮೋಹನಾಶವಾಯಿತು. ಈ ವ್ಯತ್ಯಾಸಕ್ಕೆ ಕಾರಣವೇನು?

ಧೃತರಾಷ್ಟ್ರನಿಗೆ ತಪ್ಪು ಯಾವುದೆಂದು ಗೊತ್ತಿತ್ತು. ವಿದುರನು ಹೇಳಿದ್ದನು, ಗಾಂಧಾರಿ ಹೇಳಿದಳು. ಮಗನ ಮುಖ ಬಾಡೀತೆಂಬ ಭಯದಿಂದ ಒಪ್ಪಿದನು. ಅವನ ಅನುಮತಿಯ ಮೂಲ ದೌರ್ಬಲ್ಯ. ಶ್ರೀಕೃಷ್ಣನಾದರೋ ಮೊದಲು ಸಮಗ್ರವಾಗಿ ಉಪದೇಶಿಸಿದನು. ಅರ್ಜುನನ ಸಂದೇಹಗಳಿಗೆ ತಾಳ್ಮೆಯಿಂದ ಉತ್ತರಿಸಿದನು. ಹೇಳಿದ್ದೆಲ್ಲವನ್ನೂ ಚೆನ್ನಾಗಿ ವಿಮರ್ಶಿಸೆಂದನು. ಆಮೇಲೆ ಇಚ್ಛೆಗೆ ಬಿಟ್ಟನು. ಹಾಗೆ ಬಿಟ್ಟಮೇಲೂ ಕೈಬಿಡಲಿಲ್ಲ, ಅವನ ರಥದ ಹಗ್ಗಗಳು ಆ ಕೈಯಲ್ಲಿಯೇ ಇದ್ದವು.

ಇಂದಿನ ತಂದೆತಾಯಿಗಳಿಗೆ ಇದರಲ್ಲಿ ದೊಡ್ಡ ಪಾಠವಿದೆ. ಮಕ್ಕಳು ಬೆಂಗಳೂರಿಗೋ ಹೊರದೇಶಕ್ಕೋ ಓದಲು, ದುಡಿಯಲು ಹೋಗುತ್ತಾರೆ. ರಾತ್ರಿ ಪಾಳಿಯ ದಾದಿಯ ಕೆಲಸದಲ್ಲಿರುವ ಮಗಳು ಏಕಾದಶಿಯಂದು ಏನು ಮಾಡಬೇಕೆಂದು ದೂರವಾಣಿಯಲ್ಲಿ ಕೇಳುತ್ತಾಳೆ. 'ನಿನಗೆ ತೋಚಿದ್ದು ಮಾಡು' ಎಂದು ಮಾತು ಮುಗಿಸಿದರೆ ಅದು ಧೃತರಾಷ್ಟ್ರನ ಅನುಮತಿ. 'ಉಪವಾಸವಿಲ್ಲದಿದ್ದರೆ ಈ ಮನೆಗೆ ಬರಬೇಡ' ಎಂದರೆ ಅದು ಅನುಮತಿಯೂ ಅಲ್ಲ, ಉಪದೇಶವೂ ಅಲ್ಲ. ಮುಂದೆ ಆಕೆ ಕೇಳುವುದನ್ನೇ ಬಿಟ್ಟಾಳು. ರೋಗಿಗಳ ಪ್ರಾಣ ಆಕೆಯ ಕೈಯಲ್ಲಿರುವಾಗ ತಲೆ ಸುತ್ತಿ ಬೀಳುವಂತಾಗಬಾರದು. ಹಾಲು ಹಣ್ಣುಗಳನ್ನು ಸ್ವೀಕರಿಸಿ, ಬಿಡುವಿದ್ದಾಗ ನಾಮಸ್ಮರಣೆ ಮಾಡು, ಪಾಳಿಯಿಲ್ಲದ ಏಕಾದಶಿಯಲ್ಲಿ ಪೂರ್ಣ ಆಚರಿಸು ಎಂದು ಕಾರಣಸಹಿತವಾಗಿ ತಿಳಿಸಿದರೆ, ಆಕೆಗೆ ಮುಖ್ಯಕಲ್ಪವೂ ತಿಳಿಯಿತು, ಅನುಕಲ್ಪವೂ ತಿಳಿಯಿತು, ಹಿಂದಿರುಗುವ ದಾರಿಯೂ ಉಳಿಯಿತು.

ಯೋಚಿಸದೆ ಕೊಟ್ಟ ಮಾತು ಕೊಟ್ಟವನನ್ನೇ ಕಟ್ಟುತ್ತದೆಂಬುದಕ್ಕೆ ದಶರಥನ ವರಗಳು ಸಾಕ್ಷಿ. ಏಕಾದಶೀಮಹಿಮೆಯ ರುಕ್ಮಾಂಗದರಾಜನೂ ಮೋಹಿನಿಗೆ ಮೊದಲೇ ಮಾತು ಕೊಟ್ಟು, ಕಡೆಗೆ ಏಕಾದಶಿಯ ಭೋಜನವೋ ಮಗನ ತಲೆಯೋ ಎಂಬ ಸಂಕಟಕ್ಕೆ ಸಿಲುಕಿದನು. ರಾಜನ ವ್ರತನಿಷ್ಠೆಯನ್ನು ನಾವು ಕೊಂಡಾಡುತ್ತೇವೆ. ಮಿತಿಯಿಲ್ಲದೆ ಕೊಟ್ಟ ಒಪ್ಪಿಗೆಯ ಅಪಾಯವನ್ನೂ ಅದೇ ಕಥೆಯಿಂದ ಕಲಿಯಬೇಕು.

ಭಗವಂತನ ಅನುಮತಿ

ಕಡೆಯದಾಗಿ ಒಂದು ಸಂದೇಹ. ಗೀತೆಯ ಹದಿಮೂರನೆಯ ಅಧ್ಯಾಯದಲ್ಲಿ ದೇಹದೊಳಗಿರುವ ಪರಮಾತ್ಮನನ್ನು 'ಅನುಮಂತಾ' ಎಂದು ಕರೆದಿದೆ. ಶ್ರೀಹರಿಯೊಬ್ಬನೇ ಸ್ವತಂತ್ರ, ಜೀವರು ಅಸ್ವತಂತ್ರರು, ಅವನ ಅನುಮತಿಯಿಲ್ಲದೆ ಹುಲ್ಲುಕಡ್ಡಿಯೂ ಅಲುಗದು ಎಂಬುದು ನಮ್ಮ ಸಿದ್ಧಾಂತ. ಹಾಗಾದರೆ 'ನಾನು ಮಾಡಿದ ತಪ್ಪಿಗೂ ಅವನ ಅನುಮತಿಯಿತ್ತಲ್ಲವೇ?' ಎಂದು ಕೇಳುವವರುಂಟು.

ಇದಕ್ಕೆ ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಉತ್ತರವಿದೆ. ಜೀವನ ಪ್ರಯತ್ನವನ್ನು ಅಪೇಕ್ಷಿಸಿಯೇ ಭಗವಂತನು ಪ್ರೇರಿಸುತ್ತಾನೆ; ಇಲ್ಲದಿದ್ದರೆ ವಿಧಿನಿಷೇಧಗಳೇ ವ್ಯರ್ಥವಾಗುತ್ತಿದ್ದವು. ಆದ್ದರಿಂದ ಭಗವಂತನ ಅನುಮತಿ ಬೇರೆ, ಭಗವಂತನ ಪ್ರೀತಿ ಬೇರೆ. ನಡೆಯಲು ಅವನು ಬಿಟ್ಟದ್ದೆಲ್ಲವೂ ಅವನಿಗೆ ಪ್ರಿಯವಾದದ್ದಲ್ಲ. ಲೋಕದಲ್ಲಿಯೂ ಕಾಯಿದೆ ತಡೆಯದ ಎಷ್ಟೋ ಕೆಲಸಗಳಿವೆ. ವೃದ್ಧ ತಂದೆಯೊಡನೆ ವರ್ಷಗಟ್ಟಲೆ ಮಾತನಾಡದಿದ್ದರೆ ಪೋಲೀಸರು ಬರುವುದಿಲ್ಲ. ಅಷ್ಟರಿಂದ ಅದು ಸರಿಯಾದ ನಡತೆಯಾಗಲಿಲ್ಲ. 'ತಡೆಯಿಲ್ಲ' ಎಂಬುದನ್ನು 'ಒಪ್ಪಿಗೆಯಿದೆ' ಎಂದೂ, 'ಒಪ್ಪಿಗೆಯಿದೆ' ಎಂಬುದನ್ನು 'ಮೆಚ್ಚುಗೆಯಿದೆ' ಎಂದೂ ತಿಳಿಯುವುದೇ ಭ್ರಾಂತಿ.

ಆದ್ದರಿಂದ 'ಇದು ಆಗಬಹುದೇ?' ಎಂಬ ಪ್ರಶ್ನೆ ಬಂದಾಗ ನಾವು ಮೂರನ್ನು ಕೇಳಿಕೊಳ್ಳೋಣ. ಈ ಅನುಜ್ಞೆ ನನ್ನಂಥವನಿಗಾಗಿ ಹೇಳಿದ್ದೇ? ಯಾವ ಪ್ರಯೋಜನಕ್ಕಾಗಿ ಹೇಳಿತೋ ಅದೇ ನನಗೂ ಇದೆಯೇ? ಆ ಪ್ರಯೋಜನ ತೀರಿದೊಡನೆ ಉಷಸ್ತಿಯಂತೆ ನಿಲ್ಲಬಲ್ಲೆನೇ? ಈ ಪ್ರಶ್ನೆಗಳನ್ನು ನಮ್ಮ ವಿಷಯದಲ್ಲಿ ಕಟ್ಟುನಿಟ್ಟಾಗಿ ಕೇಳಿಕೊಳ್ಳಬೇಕು. ಪರರ ವಿಷಯದಲ್ಲಿ, ಮುಖ್ಯವಾಗಿ ರೋಗಿಗಳು, ವೃದ್ಧರು, ಮನೆಯ ಸೊಸೆಯಂದಿರು, ದೂರದೂರುಗಳಲ್ಲಿ ದುಡಿಯುವ ಮಕ್ಕಳು, ಇವರ ವಿಷಯದಲ್ಲಿ ಅನುಕಂಪದಿಂದ ಕೇಳಬೇಕು. ತನಗೆ ಬಿಗಿ, ಇತರರಿಗೆ ಅವಕಾಶ, ಇದು ಸಜ್ಜನರ ಮಾರ್ಗ. ಬರುವ ಏಕಾದಶಿಗೆ ಪ್ರತಿಯೊಂದು ಮನೆಯಲ್ಲಿಯೂ ದಶಮಿಯ ಸಂಜೆ ಹಿರಿಯರೂ ಕಿರಿಯರೂ ಕುಳಿತು, ಯಾರು ಶಕ್ತರು, ಯಾರು ಅಶಕ್ತರು, ಯಾರಿಗೆ ಯಾವ ಕಲ್ಪವೆಂಬುದನ್ನು ಮಾತನಾಡಿ ನಿರ್ಧರಿಸಲಿ. ಸಂದೇಹವಿದ್ದಲ್ಲಿ ತಿಳಿದವರನ್ನು ಕೇಳಲಿ. ಹಾಗೆ ನಡೆದರೆ ವ್ರತವೂ ಉಳಿಯುತ್ತದೆ, ವ್ರತ ಮಾಡುವವರೂ ಉಳಿಯುತ್ತಾರೆ.

|| ಶ್ರೀಕೃಷ್ಣಾರ್ಪಣಮಸ್ತು ||